ಪಾಲಿಶ್ ಬಿಟ್ಟು ಹಳೆ ಗಾಡಿ ವ್ಯಾಪಾರಕ್ಕೆ ಇಳಿಯಲೇ?

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ಆರು ವರ್ಷದಿಂದ ಕಾರ್ ಡಿಟೇಲಿಂಗ್ (ಕಾರನ್ನು ಒಳಗೂ ಹೊರಗೂ ತೊಳೆದು ಪಾಲಿಶ್ ಮಾಡುವ) ಅಂಗಡಿ ಇಟ್ಟಿದ್ದೇನೆ. ಕೈಯಲ್ಲಿ ಮೂರು ಲಕ್ಷ ಇದೆ. ಹಳೆ ಕಾರು ಕೊಂಡು, ತೊಳೆದು ಮಾರುವ ವ್ಯಾಪಾರ ಶುರು ಮಾಡಬಹುದೇ?

ಉತ್ತರ: ಧಾರಾಳವಾಗಿ ಮಾಡಿ. ಯಾವ ಬಾಗಿಲಿಗೆ ಮತ್ತೆ ಬಣ್ಣ ಹೊಡೆದಿದ್ದಾರೆ ಅಂತ ನಿಮ್ಮ ಬೆರಳಿಗೇ ಗೊತ್ತಾಗುತ್ತದೆ. ಅದು ದೊಡ್ಡ ಬಂಡವಾಳ. ಆದರೆ ಹೊಳಪು ನೋಡಿ ಕೊಳ್ಳಬೇಡಿ. ನಾನು ಕೊಂಡ ಎರಡನೇ ಗಾಡಿಯ ಸೀಟು, ಮ್ಯಾಟು ಎಲ್ಲ ಹೊಸದರಂತಿದ್ದವು. ಮನೆಗೆ ತಂದು ಸೀಟ್ ಬೆಲ್ಟನ್ನು ಕೊನೆತನಕ ಎಳೆದಾಗ ಒಣಗಿದ ಕೆಸರಿನ ಗೆರೆ ಕಂಡಿತು. ಸ್ಟೆಪ್ನಿ ಎತ್ತಿದರೆ ಕೆಳಗೆ ತುಕ್ಕು. ನೆರೆಯಲ್ಲಿ ಮುಳುಗಿದ ಗಾಡಿ! ಅವತ್ತು ಹೋದ ದುಡ್ಡಿನ ಸಂಕಟ ಇನ್ನೂ ಇದೆ. ಅದಕ್ಕೇ ಹೇಳುತ್ತಿದ್ದೇನೆ, ಬಾನೆಟ್ಟಿನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಗುರುತಿದೆಯೇ ಅಂತಲೂ ನೋಡಿ; ಇದ್ದರೆ ಬಾನೆಟ್ ಬಿಚ್ಚಿರಬಹುದು, ಯಾಕೆ ಅಂತ ಕೇಳಿ.

ಕಾಗದಪತ್ರ ಇನ್ನೂ ಮುಖ್ಯ. 2023ರ ಏಪ್ರಿಲ್‌ನಿಂದ ಹಳೆ ಗಾಡಿ ಡೀಲರ್‌ಗಳಿಗೆ ಆರ್‌ಟಿಒ ಅನುಮತಿ ಬೇಕು. ಫಾರ್ಮ್ 29ಎ ಅರ್ಜಿ ಹಾಕಿ. ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ. ಗಾಡಿ ನಿಮ್ಮ ಕೈಗೆ ಬಂದಾಗ ಅದನ್ನು ತಿಳಿಸುವ ಫಾರ್ಮ್ 29ಸಿ, ಮಾರುವಾಗ ಹೆಸರು ವರ್ಗಾವಣೆಯ 29 ಮತ್ತು 30. ಗಾಡಿಯ ಮೇಲೆ ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಸಾಲದ ಒತ್ತೆ ಮುಗಿದಿದೆ ಎನ್ನುವ ಫಾರ್ಮ್ 35 ಕೈಗೆ ಬಾರದೆ ಪೂರ್ತಿ ಹಣ ಕೊಡಲೇಬೇಡಿ.

ಮೊದಲ ಗಾಡಿ ಎರಡು ಲಕ್ಷದೊಳಗಿರಲಿ. ಉಳಿದದ್ದು ಟೈರು, ಬ್ಯಾಟರಿ, ವಿಮೆಗೆ ಬೇಕು. ಅಂಗಡಿಯ ಶಟರ್ ಮಾತ್ರ ಇಳಿಸಬೇಡಿ. ಗಾಡಿ ಎರಡು ತಿಂಗಳು ಮಾರಾಟವಾಗದೆ ನಿಂತರೂ ಬಾಡಿಗೆ ಕಟ್ಟುವುದು ಆ ದುಡಿಮೆಯಿಂದಲೇ.