‘ಏ’ ಬೇಕಾದ ಕಡೆ ‘ಅಂತೆ’

ನಮಸ್ಕಾರ.

ನೀವು ಕಳಿಸಿದ ಇಂಗ್ಲಿಷ್ ಕಥೆಯನ್ನು ಎರಡು ಸಲ ಓದಿದೆ. ಹತ್ತು ವರ್ಷ ಮಾತು ಬಿಟ್ಟಿದ್ದ ಅಕ್ಕ ತಂಗಿ ಅಪ್ಪನ ಕಾಯಿಲೆಯಿಂದಾಗಿ ಮತ್ತೆ ಒಂದೇ ಮನೆಗೆ ಬಂದು ಸೇರುವ ಕಥೆ. ಚೆನ್ನಾಗಿದೆ. ಆದರೆ ಈಗಿರುವ ಹಾಗೆ ಪ್ರಕಟಣೆಗೆ ತೆಗೆದುಕೊಳ್ಳಲು ಆಗುವುದಿಲ್ಲ. ಇಟಾಲಿಕ್ಸ್ ಅಂದರೆ ಓರೆ ಅಕ್ಷರ, ಕೋಟ್ ಅಂದರೆ ಉದ್ಧರಣ ಚಿಹ್ನೆ, ಇವೆರಡನ್ನೂ ನೀವು ಬಳಸಿರುವ ರೀತಿ ಕಥೆಯನ್ನೇ ಕೆಡಿಸಿದೆ. ಇಷ್ಟು ಸಣ್ಣ ವಿಷಯಕ್ಕಾ ಅನ್ನಿಸಬಹುದು. ಏಳನೇ ಪುಟ ತೆಗೆದು ನೋಡಿ.

ಅಕ್ಕ ಬಾಗಿಲಲ್ಲಿ ನಿಂತು ಕ್ಷಮೆ ಕೇಳುತ್ತಾಳೆ. ಅಲ್ಲಿ ‘ಶಿ ವಾಸ್ “ಟ್ರೂಲಿ” ಸಾರಿ’ ಎಂದು ಬರೆದಿದ್ದೀರಿ. ಒತ್ತು ಕೊಡಲು ಆ ಪದಕ್ಕೆ ಕೋಟ್ ಹಾಕಿದ್ದೀರಿ, ಅಲ್ವಾ? ಓದುವವರಿಗೆ ಅದು ಪೂರ್ತಿ ಉಲ್ಟಾ ಕೇಳಿಸುತ್ತದೆ. ಬೇರೆಯವರ ಮಾತನ್ನು ಎತ್ತಿ ಹೇಳುವುದು ಕೋಟ್‌ನ ಕೆಲಸ. ಯಾರೂ ಆಡದ ಒಂದು ಪದಕ್ಕೆ ಅದನ್ನು ಹಾಕಿದರೆ, ‘ಇದು ನನ್ನ ಮಾತಲ್ಲ, ನಾನಂತೂ ನಂಬುವುದಿಲ್ಲ’ ಎಂದ ಹಾಗೆ. ನಮ್ಮ ‘ಅಂತೆ’ ಇದೆಯಲ್ಲ, ಅದೇ. ‘ನಿಜವಾಗಿ ಬೇಜಾರಂತೆ!’ ಇಡೀ ಕಥೆ ಕಾಯುತ್ತಿದ್ದ ಕ್ಷಮೆ ಸುಳ್ಳಾಗಿಬಿಟ್ಟಿತು. ಓದಿ ನನಗೆ ಸಂಕಟವಾಯಿತು.

ನಿಮಗೆ ಬೇಕಿದ್ದದ್ದು ನಮ್ಮ ‘ಏ’. ನಾನೇ, ನಿನ್ನದೇ, ಬಂದೇ ಬಂದ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಓರೆ ಅಕ್ಷರ ಮಾಡುತ್ತದೆ. ತಂಗಿ ಹೇಳುವ ‘ಐ ಡಿಡಂಟ್ ಟೇಕ್ ಯುವರ್ ಲೆಟರ್’ ಎಂಬ ಮಾತನ್ನೇ ತೆಗೆದುಕೊಳ್ಳಿ. ‘ಐ’ ಓರೆಯಾದರೆ, ತೆಗೆದದ್ದು ಬೇರೆ ಯಾರೋ. ‘ಯುವರ್’ ಓರೆಯಾದರೆ, ತೆಗೆದದ್ದು ಹೌದು, ಆದರೆ ನಿನ್ನದಲ್ಲ. ನಾವಾದರೆ ಪದಗಳನ್ನು ಹಿಂದೆ ಮುಂದೆ ಮಾಡಿ ‘ಪತ್ರ ತೆಗೆದದ್ದು ನಾನಲ್ಲ’ ಎಂದುಬಿಡುತ್ತೇವೆ. ಇಂಗ್ಲಿಷಿನಲ್ಲಿ ಪದಗಳು ಅಷ್ಟು ಸುಲಭವಾಗಿ ಜಾಗ ಬಿಡುವುದಿಲ್ಲ. ಅದಕ್ಕೇ ಮಾತಿನಲ್ಲಿ ದನಿ ಏರಿಸುತ್ತಾರೆ, ಬರಹದಲ್ಲಿ ಅಕ್ಷರ ಓರೆ ಮಾಡುತ್ತಾರೆ. ಹಾಗಂತ ಪುಟಕ್ಕೆ ಹತ್ತು ಸಲ ಮಾಡಬೇಡಿ. ಪ್ರತಿ ಪದಕ್ಕೂ ‘ಏ’ ಹಚ್ಚಿ ಮಾತಾಡಿ ನೋಡಿ, ಗೊತ್ತಾಗುತ್ತದೆ.

ಕನಸಿನ ಭಾಗ ಮೂರು ಪುಟ ಪೂರ್ತಿ ಇಟಾಲಿಕ್ಸ್‌ನಲ್ಲಿದೆ. 1501ರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನುಷಿಯಸ್ ರೋಮನ್ ಕವಿ ವರ್ಜಿಲ್‌ನ ಕಾವ್ಯವನ್ನು ಹೀಗೆ ಪೂರ್ತಿ ಓರೆ ಅಕ್ಷರದಲ್ಲೇ ಅಚ್ಚು ಹಾಕಿದ್ದ. ಫ್ರಾಂಚೆಸ್ಕೊ ಗ್ರಿಫೊ ಕೊರೆದ ಅಕ್ಷರಗಳು ಅವು. ಆಗ ಇಡೀ ಪುಸ್ತಕಕ್ಕೇ ಅದು ನಡೆಯುತ್ತಿತ್ತು. ಇವತ್ತು ನೇರ ಅಕ್ಷರಗಳ ನಡುವೆ ಬಂದಾಗಲೇ ಅದು ಎದ್ದು ಕಾಣುವುದು. ಎಲ್ಲವೂ ಓರೆಯಾದ ಮೇಲೆ ಒತ್ತು ಬೇಕಾದ ಪದವನ್ನು ನೇರ ಮಾಡಬೇಕಾಗುತ್ತದೆ, ನೀವು ಅದನ್ನೂ ಮಾಡಿಲ್ಲ. ಕಣ್ಣಿಗೂ ಕಷ್ಟ. ಕನಸು ಶುರುವಾಯಿತೆಂದು ಒಂದು ವಾಕ್ಯದಲ್ಲಿ ತಿಳಿಸಿ, ನೇರ ಅಕ್ಷರದಲ್ಲೇ ಬರೆಯಿರಿ.

ಹೆಸರುಗಳ ವಿಷಯ ಸುಲಭ. ಪುಸ್ತಕ, ಪತ್ರಿಕೆ, ಸಿನಿಮಾ ಓರೆ. ಅದರೊಳಗೆ ಬರುವ ಕವಿತೆ, ಸಣ್ಣಕಥೆ, ಲೇಖನಕ್ಕೆ ಕೋಟ್. ಹಾಡಿಗೂ ಕೋಟೇ. ಹಡಗಿನ ಹೆಸರೂ ಓರೆ, ಆದರೆ ಆರ್‌ಎಂಎಸ್ ಟೈಟಾನಿಕ್‌ನಲ್ಲಿ ಟೈಟಾನಿಕ್ ಮಾತ್ರ ಓರೆ.

ಕೋಟ್‌ನಲ್ಲಿ ಅಮೆರಿಕದ ಪದ್ಧತಿ, ಬ್ರಿಟಿಷ್ ಪದ್ಧತಿ ಎರಡನ್ನೂ ಕಲಸಿದ್ದೀರಿ. ಅಮೆರಿಕದವರು ಮೊದಲು ಜೋಡಿ ಕೋಟ್, ಅದರೊಳಗೆ ಒಂಟಿ ಕೋಟ್ ಹಾಕುತ್ತಾರೆ. ಕಾಮಾ, ಪೂರ್ಣವಿರಾಮ ಯಾವಾಗಲೂ ಒಳಗೆ. ಬ್ರಿಟನ್ನಿನ ಬಹಳಷ್ಟು ಪ್ರಕಾಶಕರು ಮೊದಲು ಒಂಟಿ ಕೋಟ್ ಹಾಕುತ್ತಾರೆ, ಎತ್ತಿ ಹೇಳಿದ ಮಾತಿಗೆ ಸೇರಿದ ಗುರುತಷ್ಟೇ ಒಳಗೆ ಹೋಗುತ್ತದೆ. ಪ್ರಶ್ನಾರ್ಥಕ ಚಿಹ್ನೆ ಮಾತ್ರ ಎರಡರಲ್ಲೂ ಅರ್ಥ ನೋಡಿಕೊಂಡೇ. ಯಾವುದಾದರೂ ಆಗಲಿ, ಒಂದನ್ನು ಹಿಡಿದು ಕೊನೆವರೆಗೆ ಹೋಗಿ.

ಅಪ್ಪ ಉದ್ದಕ್ಕೆ ಮಾತಾಡುವ ಕಡೆ ನಾಲ್ಕು ಪ್ಯಾರಾ ಇದೆ. ಪ್ರತಿ ಪ್ಯಾರಾ ಕೊನೆಯಲ್ಲೂ ಕೋಟ್ ಮುಚ್ಚಿದ್ದೀರಿ. ಹಾಗಾಗಿ ಬೇರೆ ಯಾರೋ ಉತ್ತರ ಕೊಡುತ್ತಿದ್ದಾರೆ ಎಂದು ನಾನೇ ಗೊಂದಲಕ್ಕೆ ಬಿದ್ದೆ. ಪ್ರತಿ ಪ್ಯಾರಾ ಶುರುವಿನಲ್ಲಿ ಕೋಟ್ ತೆರೆಯಿರಿ, ಮುಚ್ಚುವುದು ಕೊನೆಯ ಪ್ಯಾರಾದಲ್ಲಿ ಮಾತ್ರ.

ತಿದ್ದಿ ಮತ್ತೆ ಕಳಿಸಿ, ಓದಲು ಕಾಯುತ್ತಿರುತ್ತೇನೆ. ಕೊನೆಯ ಪುಟದಲ್ಲಿ ಅಪ್ಪ ಕಣ್ಣು ಬಿಟ್ಟು ಅಕ್ಕನಿಗೆ ‘ಯು ಕೇಮ್’ ಎನ್ನುತ್ತಾನೆ. ‘ಕೇಮ್’ ಮಾತ್ರ ಓರೆ. ‘ಬಂದೇಬಿಟ್ಟೆಯಲ್ಲಾ’ ಎಂದು ನನಗೆ ಕಿವಿಯಲ್ಲೇ ಕೇಳಿಸಿತು. ಅದನ್ನು ಮುಟ್ಟಬೇಡಿ.