ಬಂಕ್ ಕೆಲಸದವರಿಗೆ ಮೂತ್ರ ಪರೀಕ್ಷೆ ಯಾಕೆ?

ಕಾರವಾರದ ಹೆದ್ದಾರಿ ಬದಿಯ ಪೆಟ್ರೋಲ್ ಬಂಕ್‌ನಲ್ಲಿರುವ ತಮ್ಮನಿಗೆ ಮೂತ್ರ ಪರೀಕ್ಷೆ ಬರೆದಿದ್ದಾರೆ, ಕ್ಯಾನ್ಸರ್ ಇರಬಹುದಾ ಅಂತ ಕೇಳಿದ್ದೀರಿ. ಗಾಬರಿ ಬೇಡ. ಇದು ಕ್ಯಾನ್ಸರ್ ಹುಡುಕುವ ಪರೀಕ್ಷೆ ಅಲ್ಲ. ಮೈಯೊಳಗೆ ಬೆಂಜೀನ್ ಎಷ್ಟು ಹೋಗಿದೆ ಅಂತ ನೋಡುವುದು, ಅಷ್ಟೇ.

ಪೆಟ್ರೋಲ್‌ನಲ್ಲಿ ಸ್ವಲ್ಪ ಬೆಂಜೀನ್ ಇರುತ್ತದೆ. ಅದು ರಕ್ತದ ಕ್ಯಾನ್ಸರ್ ತರಬಲ್ಲದು. ಉಸಿರಿನ ಜೊತೆ ಒಳಹೋದದ್ದನ್ನು ಲಿವರ್ ಒಡೆಯುತ್ತದೆ. ಹಾಗೆ ಒಡೆದಾಗ ಮ್ಯುಕೋನಿಕ್ ಆಮ್ಲ, ಫೀನೈಲ್ ಮರ್ಕ್ಯಾಪ್ಚ್ಯುರಿಕ್ ಆಮ್ಲ ಅಂತ ಎರಡು ವಸ್ತುಗಳು ಮೂತ್ರದಲ್ಲಿ ಬರುತ್ತವೆ. ಕೆಲವೇ ಗಂಟೆಗಳಲ್ಲಿ ಇವು ಇಳಿಯುವುದರಿಂದ ಪಾಳಿ ಮುಗಿದ ಕೂಡಲೇ ಸ್ಯಾಂಪಲ್ ಕೊಡಬೇಕು. ರಜೆಯ ಮರುದಿನ ಬೆಳಿಗ್ಗೆ ಕೊಟ್ಟರೆ ಸುಮ್ನೆ ದುಡ್ಡು ದಂಡ.

ನಮ್ಮ ಕರಾವಳಿಯ ಸೆಕೆಗೆ ಬೆವರಿ ಮೂತ್ರ ಗಟ್ಟಿಯಾಗುತ್ತದೆ ಅಲ್ವಾ? ಅದಕ್ಕೇ ಫಲಿತಾಂಶವನ್ನು ಕ್ರಿಯಾಟಿನಿನ್ (ಸ್ನಾಯುಗಳಿಂದ ಬಂದು ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮೂತ್ರಕ್ಕೆ ಸೇರುವ ವಸ್ತು) ಲೆಕ್ಕದಲ್ಲಿ ಕೊಡುತ್ತಾರೆ. ಅಮೆರಿಕದ ಒಂದು ಮಾರ್ಗಸೂಚಿಯಲ್ಲಿ ಮ್ಯುಕೋನಿಕ್ ಆಮ್ಲದ ಮಿತಿ 1 ಗ್ರಾಂ ಕ್ರಿಯಾಟಿನಿನ್‌ಗೆ 500 ಮೈಕ್ರೋಗ್ರಾಂ.

ತಮ್ಮ ಬೀಡಿ ಸೇದುತ್ತಾನಾ? ಅದರ ಹೊಗೆಯಲ್ಲೂ ಬೆಂಜೀನ್ ಇದೆ. ಜ್ಯಾಮ್, ಕೂಲ್‌ಡ್ರಿಂಕ್ಸ್ ಕೆಡದಂತೆ ಹಾಕುವ ಸಾರ್ಬಿಕ್ ಆಮ್ಲದಿಂದಲೂ ಮ್ಯುಕೋನಿಕ್ ಆಮ್ಲ ಜಾಸ್ತಿ ಕಾಣಬಹುದು. ಇದನ್ನೆಲ್ಲ ಡಾಕ್ಟರಿಗೆ ಮೊದಲೇ ಹೇಳಿ. ನಿಜವಾಗಿಯೂ ಜಾಸ್ತಿ ಬಂದರೆ ಸರಿಪಡಿಸಬೇಕಾದ್ದು ಬಂಕ್‌ನ ಕೆಲಸದ ರೀತಿಯನ್ನು, ತಮ್ಮನನ್ನಲ್ಲ.