ತೆಂಗಿನಕಾಯಿ ಎದ್ದು ನಿಂತಲ್ಲಿ ನೀರು

ಪ್ರಶ್ನೆ: ಬಾವಿ ತೋಡುವ ಮೊದಲು ನೀರು ನೋಡುವವರನ್ನು ಕರೆಸುವುದು ನಮ್ಮಲ್ಲಿ ವಾಡಿಕೆ. ಅವರ ಅಂಗೈಯ ಮೇಲೆ ಮಲಗಿದ್ದ ತೆಂಗಿನಕಾಯಿ ಎದ್ದು ನಿಂತಲ್ಲಿ ತೋಡಿದ ನಮ್ಮ ಎರಡೂ ಬಾವಿಗಳಲ್ಲಿ ನೀರಿದೆ. ಕಾಲೇಜಿಗೆ ಹೋಗುವ ಮಗಳು, “ಬೇರೆ ಕಡೆ ತೋಡಿದ್ದರೆ ಸಿಗುತ್ತಿರಲಿಲ್ಲ ಎಂದು ಹೇಗೆ ಗೊತ್ತು ಅಪ್ಪ?” ಎಂದಳು. ನಂಬಿ ಬಂದದ್ದನ್ನು ಈ ವಯಸ್ಸಿನಲ್ಲಿ ಪರೀಕ್ಷಿಸುವುದು ಹೇಗೆ?
– ಓದುಗರೊಬ್ಬರು, ಬಾಯಾರು (ಕಾಸರಗೋಡು ಜಿಲ್ಲೆ)

ಉತ್ತರ: ನಿಮ್ಮ ಮಗಳು ಕೇಳಿದ್ದೇ ಸರಿಯಾದ ಪ್ರಶ್ನೆ. ನಂಬಿಕೆಗೆ ಒಪ್ಪುವ ಸಾಕ್ಷ್ಯವನ್ನು ನಾವೆಲ್ಲರೂ ಸಹಜವಾಗಿಯೇ ಹುಡುಕುತ್ತೇವೆ. ಅದನ್ನು ಸುಳ್ಳಾಗಿಸಬಲ್ಲ ಸಾಕ್ಷ್ಯವನ್ನು ಹುಡುಕಲು ಮಾತ್ರ ಅಭ್ಯಾಸ ಬೇಕು. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1960ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, 2, 4, 6 ಎಂಬ ಸಂಖ್ಯೆಗಳನ್ನು ಕೊಟ್ಟು ಅವುಗಳ ಹಿಂದಿನ ನಿಯಮವನ್ನು ಕಂಡುಹಿಡಿಯಲು ಹೇಳಿದ್ದರು. ಬೇರೆ ಮೂರು ಮೂರು ಸಂಖ್ಯೆಗಳನ್ನು ಮುಂದಿಟ್ಟು, ಅವು ನಿಯಮಕ್ಕೆ ಹೊಂದುತ್ತವೆಯೇ ಎಂದು ಕೇಳಲು ಅವಕಾಶವಿತ್ತು. ಎರಡೆರಡು ಹೆಚ್ಚುತ್ತದೆ ಎಂದು ಊಹಿಸಿದವರು 8, 10, 12ರಂಥವನ್ನೇ ಕೇಳಿ, ‘ಹೌದು’ ಎಂಬ ಉತ್ತರಕ್ಕೆ ತೃಪ್ತರಾದರು. ಏರುಕ್ರಮದ ಯಾವ ಮೂರು ಸಂಖ್ಯೆಗಳಾದರೂ ಸರಿ ಎಂಬುದೇ ನಿಯಮವಾಗಿತ್ತು. ತಮ್ಮ ಊಹೆಗೆ ಒಗ್ಗದ 5, 6, 20ನ್ನು ಕೇಳಿದ್ದರೂ ಗುಟ್ಟು ಹೊರಬೀಳುತ್ತಿತ್ತು. 29 ಮಂದಿಯಲ್ಲಿ ಮೊದಲ ಸಲವೇ ಸರಿಯಾಗಿ ಹೇಳಿದವರು 6 ಮಂದಿ.

ನಿಮ್ಮ ಎರಡು ಬಾವಿಗಳೂ ‘8, 10, 12’ರಂತೆಯೇ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದೂ ನೀರು ಪಡೆಯುವ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನಾಡಿನಲ್ಲಿ, ಕಾಯಿ ಏಳದ ಜಾಗದಲ್ಲಿಯೂ ನೀರು ಸಿಗುವ ಸಾಧ್ಯತೆ ಸಾಕಷ್ಟಿದೆ. ಆದ್ದರಿಂದ ನೆರೆಕರೆಯ ಬಾವಿಗಳನ್ನೆಲ್ಲ ಮಗಳೊಂದಿಗೆ ಪಟ್ಟಿ ಮಾಡಿ: ಕಾಯಿ ತೋರಿದರೂ ಬತ್ತಿದವು ಎಷ್ಟು, ಯಾರನ್ನೂ ಕೇಳದೆ ತೋಡಿದರೂ ನೀರು ಬಂದವು ಎಷ್ಟು? ವಿಫಲವಾದ ಬಾವಿಯ ಸುದ್ದಿಯನ್ನು ಯಾರೂ ತಾವಾಗಿ ಹೇಳುವುದಿಲ್ಲ, ಕೇಳಿಯೇ ತಿಳಿಯಬೇಕು. ನೀರು ನೋಡುವವರು ಒಪ್ಪಿದರೆ, ಕಣ್ಣು ಕಟ್ಟಿ ಅದೇ ತೋಟದಲ್ಲಿ ಹಲವು ಸಲ ನಡೆಸಿ, ಕಾಯಿ ಪ್ರತಿ ಸಲವೂ ಅದೇ ಜಾಗದಲ್ಲಿ ಏಳುತ್ತದೆಯೇ ನೋಡಿ. ಯಾವ ಫಲಿತಾಂಶ ಬಂದರೆ ನಿಮ್ಮ ಅಭಿಪ್ರಾಯ ಬದಲಾಗಬೇಕು ಎಂಬುದನ್ನು ಮೊದಲೇ ಬರೆದಿಡುವುದು ಬಹಳ ಮುಖ್ಯ. ಇಲ್ಲವಾದರೆ ಮನಸ್ಸು ಆಮೇಲೆ ಹೇಗಾದರೂ ಸಮಜಾಯಿಷಿ ಹುಡುಕಿಕೊಳ್ಳುತ್ತದೆ.

ಫಲಿತಾಂಶ ಏನೇ ಬರಲಿ, ನೀರು ನೋಡುವವರನ್ನು ಮೋಸಗಾರರೆಂದು ಭಾವಿಸಬೇಡಿ; ಕಾಯಿಯನ್ನು ಅವರ ಕೈಯೇ ಅವರ ಅರಿವಿಲ್ಲದೆ ಎಬ್ಬಿಸುತ್ತಿರಬಹುದು. ಮುಟ್ಟಿದವರ ಕೈಯಡಿಯಲ್ಲಿ ಮೇಜು ತಾನಾಗಿ ಚಲಿಸುತ್ತದೆಂದು ನಂಬಿದ್ದ ಪ್ರಾಮಾಣಿಕರ ಕೈಗಳೇ ಅವರ ಅರಿವಿಲ್ಲದೆ ಮೇಜನ್ನು ತಳ್ಳುತ್ತಿದ್ದವು ಎಂಬುದನ್ನು ವಿಜ್ಞಾನಿ ಮೈಕೆಲ್ ಫ್ಯಾರಡೆ 1853ರಲ್ಲಿಯೇ ತೋರಿಸಿದ್ದರು. ಮುಂದಿನ ಬಾವಿಗೆ ಮುನ್ನ ಭೂಜಲ ಇಲಾಖೆಯವರನ್ನೂ ವಿಚಾರಿಸಿ, ಅವರ ಮಾತನ್ನೂ ಇದೇ ಪಟ್ಟಿಯಲ್ಲಿ ಬರೆದುಕೊಳ್ಳಿ.